ಕಂಟ್ರೋಲ್ ಬಿ ಯಾರದ್ದು? ಕೇಟ್ ಎಡಿಟರಿನಲ್ಲಿ ಶಾರ್ಟ್‌ಕಟ್ ಜಗಳ ಬಿಡಿಸಿದ್ದು

ಶಾರ್ಟ್‌ಕಟ್ ಕೈಕೊಡುವುದರಲ್ಲಿ ಎರಡು ಬಗೆ. ಒಂದರಲ್ಲಿ ಎಡಿಟರೇ ಬಾಯಿಬಿಟ್ಟು ಹೇಳುತ್ತದೆ, ಈ ಕೀ ಇಬ್ಬರಿಗೆ ಬೇಕಂತೆ, ಯಾರಿಗೂ ಕೊಡಲ್ಲ ಅಂತ. ಇನ್ನೊಂದರಲ್ಲಿ ಎಷ್ಟು ಒತ್ತಿದರೂ ನಮಗೆ ಬೇಕಾದ್ದು ಆಗಲ್ಲ, ಮೆಸೇಜೂ ಇಲ್ಲ. ನಿಮ್ಮದು ಯಾವ ಬಗೆ ಅಂತ ಮೊದಲು ನೋಡಿಕೊಳ್ಳಿ. ಸುಮ್ನೆ ಸೆಟ್ಟಿಂಗ್ಸ್ ಕೆದಕಲು ಹೋದರೆ ಮಧ್ಯಾಹ್ನವೇ ಹೋಗಿಬಿಡುತ್ತದೆ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮ ಪುಟ್ಟ ಆಫೀಸು. ಅಡಿಕೆ ಮಂಡಿಯವರಿಗೆ ವೆಬ್‌ಸೈಟು, ಬಿಲ್ಲಿಂಗ್ ಅಂತ ಮಾಡಿಕೊಡುತ್ತೇವೆ. ಲಿನಕ್ಸ್, ಅದರ ಮೇಲೆ ಕೆಡಿಇ ಡೆಸ್ಕ್‌ಟಾಪ್, ಬರೆಯೋದಕ್ಕೆ ಕೇಟ್ ಎಡಿಟರ್, ಕನ್ನಡ ಟೈಪಿಂಗಿಗೆ ಎಫ್‌ಸಿಐಟಿಎಕ್ಸ್ 5. ದಿನಾ ಬರುವ ರೇಟಿನ ಫೈಲಿನಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಅನ್ನುವ ಅಡಿಕೆ ಬಗೆಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವಲ್ಲ, ಅದಕ್ಕೆ ನಮ್ಮ ಹುಡುಗಿ ಒಬ್ಬಳು ಕೇಟ್‌ನ ಸ್ನಿಪೆಟ್ ಪ್ಲಗಿನ್‌ನಲ್ಲಿ (ಬರೆದಿಟ್ಟ ತುಣುಕನ್ನು ಒಂದೇ ಏಟಿಗೆ ಹಾಕಿಕೊಡುವ ಸೇರ್ಪಡೆ) ಒಂದೊಂದು ಹೆಸರಿಗೂ ಒಂದೊಂದು ಸಾಲು ಮಾಡಿ, ಒಂದೊಂದು ಶಾರ್ಟ್‌ಕಟ್ ಕೊಟ್ಟಿದ್ದಳು. ಬೆಟ್ಟೆಗೆ ಕಂಟ್ರೋಲ್ ಬಿ. ಸಹಜ ತಾನೇ.

"ಅಣ್ಣಾ, ಬೆಟ್ಟೆನೂ ಬರ್ತಿಲ್ಲ, ಬುಕ್‌ಮಾರ್ಕೂ ಬೀಳ್ತಿಲ್ಲ, ಎಂಥದೋ ಬಾಕ್ಸ್ ಬರ್ತಿದೆ" ಅಂದಳು.

ಕೇಟ್‌ನಲ್ಲಿ ಕಂಟ್ರೋಲ್ ಬಿ ಮೊದಲಿಂದಲೂ ಬುಕ್‌ಮಾರ್ಕಿನದ್ದು, ಅಂದರೆ ಸಾಲಿಗೆ ಗುರುತು ಹಾಕುವುದಕ್ಕೆ. ಬಾಕ್ಸಿನಲ್ಲಿ ಇದ್ದದ್ದು ಇಷ್ಟು: ಈ ಕೀ ಯಾರದ್ದು ಅಂತ ಸ್ಪಷ್ಟವಿಲ್ಲ, ಸೆಟ್ಟಿಂಗ್ಸ್ ಮೆನುವಿನಲ್ಲಿ ಸರಿಮಾಡಿಕೊಳ್ಳಿ, ಅಲ್ಲಿವರೆಗೆ ಯಾವ ಕೆಲಸವೂ ನಡೆಯಲ್ಲ. ಎಷ್ಟೋ ಜನಕ್ಕೆ ಇದು ಸಿಟ್ಟು ತರಿಸುತ್ತದೆ, ಯಾವುದಾದರೂ ಒಂದನ್ನು ಮಾಡಬಾರದಾ ಅಂತ. ನನಗೆ ಇದೇ ಸರಿ ಅನಿಸುತ್ತದೆ. ಕೇಟ್‌ನಲ್ಲಿ ಕಂಟ್ರೋಲ್ ಕೆ ಒತ್ತಿದರೆ ಕರ್ಸರ್ ಇರುವ ಇಡೀ ಸಾಲು ಅಳಿಸಿಹೋಗುತ್ತದೆ. ಅಂಥ ಕೀಗೆ ಇಬ್ಬರು ಗಂಟುಬಿದ್ದಾಗ ಎಡಿಟರ್ ತಾನೇ ಊಹೆ ಮಾಡಿ ಒಬ್ಬರಿಗೆ ಕೊಟ್ಟುಬಿಟ್ಟರೆ ಕಥೆ ಏನು ಮಾರಾಯ್ರೆ!

ಈ ನಿರ್ಧಾರ ಬರುವುದು ಕೇಟ್‌ನ ಕೆಳಗಿರುವ, ವಿಂಡೋ, ಮೆನು, ಕೀಗಳನ್ನೆಲ್ಲ ನೋಡಿಕೊಳ್ಳುವ ಕ್ಯೂಟಿ ಲೈಬ್ರರಿಯಿಂದ. ಒಂದೇ ವಿಂಡೋದಲ್ಲಿ ಒಂದೇ ಕೀಗೆ ಎರಡು ಆ್ಯಕ್ಷನ್ ಇದ್ದು, ಎರಡೂ ಆ ಹೊತ್ತಿಗೆ ಚಾಲೂ ಇದ್ದರೆ ಮಾತ್ರ ಅದು ಗೊಂದಲ ಅಂತ ಲೆಕ್ಕ. ಒಂದು ಮಂಕಾಗಿ ಕೂತಿದ್ದರೆ ಇನ್ನೊಂದು ಆರಾಮಾಗಿ ನಡೆಯುತ್ತದೆ. "ಬೆಳಗ್ಗೆ ಸರಿ ಇತ್ತು, ಈಗ ಇಲ್ಲ" ಅನ್ನುವ ದೂರು ಎಷ್ಟೋ ಸಲ ಇದರಿಂದಲೇ. ನಡುವೆ ಯಾವುದೋ ಪ್ಲಗಿನ್ ಎದ್ದು ಕೂತಿರುತ್ತದೆ.

ಬಿಡಿಸುವುದು ಸುಲಭ. ಸೆಟ್ಟಿಂಗ್ಸ್ ಮೆನುವಿನಿಂದ ಶಾರ್ಟ್‌ಕಟ್ ಪಟ್ಟಿ ತೆಗೆದು, ಮೇಲಿನ ಹುಡುಕುವ ಜಾಗದಲ್ಲಿ ಕೆಲಸದ ಹೆಸರಿನ ಬದಲು ಕೀಯ ಹೆಸರನ್ನೇ ಹಾಕಿ. ಆ ಕೀ ಹಿಡಿದುಕೊಂಡವರು ಕೆಳಗೆ ಬರುತ್ತಾರೆ. ಬುಕ್‌ಮಾರ್ಕನ್ನು ನಾನು ಮುಟ್ಟಲಿಲ್ಲ. ಜೊತೆಗೇ ಬಂದ ಶಾರ್ಟ್‌ಕಟ್‌ಗಳನ್ನು ಹಾಗೇ ಬಿಟ್ಟು ನಾವು ಸೇರಿಸಿದ್ದನ್ನೇ ಸರಿಸುವುದು ನನ್ನ ಪದ್ಧತಿ. ಬೇರೆ ಮೆಷಿನ್‌ನಲ್ಲಿ ಕೂತಾಗ ಕೈಗೆ ಗಲಿಬಿಲಿ ಆಗಲ್ಲ.

ಸರಿ, ಬೆಟ್ಟೆಯನ್ನು ಎಲ್ಲಿಗೆ ಸರಿಸೋದು? ಕಂಟ್ರೋಲ್ ಜೊತೆ ಸೆಮಿಕೋಲನ್ ನಮ್ಮ ಪಟ್ಟಿಯಲ್ಲಿ ಖಾಲಿ ಕಾಣಿಸಿತು. ಕೊಟ್ಟೆವು. ಒತ್ತಿದರೆ ಬೆಟ್ಟೆ ಬರಲಿಲ್ಲ, ಹಿಂದೆ ಕಾಪಿ ಮಾಡಿದ್ದ ತುಣುಕುಗಳ ಪಟ್ಟಿ ತೆರೆದುಕೊಂಡಿತು. ಅದು ಎಫ್‌ಸಿಐಟಿಎಕ್ಸ್‌ನ ಕ್ಲಿಪ್‌ಬೋರ್ಡ್, ಅದರ ಕೀ ಇದೇ. ಇದು ನಾನು ಹೇಳಿದ ಎರಡನೇ ಬಗೆ. ಕೇಟ್ ಪಾಪ ಏನು ಹೇಳೀತು, ಅದರ ತನಕ ಕೀ ಬಂದೇ ಇಲ್ಲವಲ್ಲ. ಊರಿಗೆ ಬರುವ ಬಸ್ಸನ್ನು ಗೇಟಿನಲ್ಲೇ ತಿರುಗಿಸಿ ಕಳಿಸಿದ ಹಾಗೆ.

ಇದೇ ಗುಂಪಿಗೆ ಸೇರಿದ್ದು ಕಂಟ್ರೋಲ್ ಸ್ಪೇಸ್. ಕೇಟ್‌ನಲ್ಲಿ ಅದು ಪದ ಪೂರ್ತಿ ಮಾಡುವ ಸಲಹೆಗಳನ್ನು ತರುತ್ತದೆ, ಎಫ್‌ಸಿಐಟಿಎಕ್ಸ್‌ನಲ್ಲಿ ಕನ್ನಡ-ಇಂಗ್ಲಿಷ್ ಬದಲಿಸುತ್ತದೆ. ಮೊದಲು ಹಿಡಿಯೋದು ಎಫ್‌ಸಿಐಟಿಎಕ್ಸ್, ಹಾಗಾಗಿ ಗೆಲ್ಲೋದೂ ಅದೇ. ಕೋಡ್ ಬರೆಯುವಾಗ ಸಲಹೆ ಬರಲ್ಲ, ಬದಲಿಗೆ ಫಂಕ್ಷನ್ ಹೆಸರಿನ ನಡುವೆ ಕನ್ನಡ ಅಕ್ಷರ ಉದುರುತ್ತವೆ! ಪರೀಕ್ಷೆ ಹೀಗೆ ಮಾಡಿ: ಟ್ರೇಯಲ್ಲಿರುವ ಕೀಬೋರ್ಡ್ ಐಕಾನ್‌ನಿಂದ ಎಫ್‌ಸಿಐಟಿಎಕ್ಸ್ ಅನ್ನು ಪೂರ್ತಿ ನಿಲ್ಲಿಸಿ, ಅದೇ ಕೀ ಮತ್ತೆ ಒತ್ತಿ. ಈಗ ಕೆಲಸ ಮಾಡಿದರೆ ಕಳ್ಳ ಸಿಕ್ಕಿದ ಅಂತ ಅರ್ಥ. ಮಾಡದಿದ್ದರೆ ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಪಟ್ಟಿ ನೋಡಿ. ನಾವು ಭಾಷೆ ಬದಲಿಸುವುದನ್ನು ಸೂಪರ್ (ವಿಂಡೋಸ್ ಗುರುತಿನ ಕೀ) ಸ್ಪೇಸ್‌ಗೆ ಹಾಕಿದೆವು. ಐಬಸ್ ಅನ್ನುವ ಇನ್ನೊಂದು ಟೈಪಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಅದು ಅಭ್ಯಾಸ ಇರುವ ಕೀಯೇ. ಆ ಕ್ಲಿಪ್‌ಬೋರ್ಡಿನ ಕೀಯನ್ನು ತೆಗೆದೇ ಹಾಕಿದೆವು, ಆಫೀಸಿನಲ್ಲಿ ಯಾರೂ ಬಳಸುತ್ತಿರಲಿಲ್ಲ.

ಒಂದೇ ಕೀ ಎರಡು ಕಡೆ ಇದ್ದ ಮಾತ್ರಕ್ಕೆ ಜಗಳ ಅಂತಲೂ ಅಲ್ಲ. ಕೇಟ್‌ನ ಬರೆಯುವ ಜಾಗದಲ್ಲಿ ಕಂಟ್ರೋಲ್ ಆರ್ ಅಂದರೆ ಪದ ಹುಡುಕಿ ಬದಲಿಸುವುದು. ಕೆಳಗಿನ ಟರ್ಮಿನಲ್ಲಿನಲ್ಲಿ (ಕಮಾಂಡ್ ಕೊಡುವ ಜಾಗ) ಕ್ಲಿಕ್ ಮಾಡಿ ಒತ್ತಿದರೆ ಹಳೆಯ ಕಮಾಂಡ್ ಹುಡುಕುವುದು. ಫೋಕಸ್, ಅಂದರೆ ನೀವು ಕ್ಲಿಕ್ ಮಾಡಿ ನಿಂತ ಜಾಗ, ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ, ಹಾಗೇ ಬಿಡಿ. ಹುಷಾರಾಗಿರಬೇಕಾದ್ದು ಕಂಟ್ರೋಲ್ ಎಸ್ ವಿಷಯದಲ್ಲಿ. ಸೇವ್ ಅಂದುಕೊಂಡು ಟರ್ಮಿನಲ್ಲಿನಲ್ಲಿ ಒತ್ತಿದರೆ ಪರದೆ ಅಲ್ಲೇ ನಿಂತುಬಿಡುತ್ತದೆ. ಮತ್ತೆ ಹೊರಡಿಸಲು ಕಂಟ್ರೋಲ್ ಕ್ಯೂ. ಆದರೆ ಅಷ್ಟರಲ್ಲಿ ಫೋಕಸ್ ಮೇಲಿನ ಫೈಲಿಗೆ ಬಂದಿದ್ದರೆ ಅದೇ ಕಂಟ್ರೋಲ್ ಕ್ಯೂ ಕೇಟನ್ನೇ ಮುಚ್ಚುತ್ತದೆ. ಟರ್ಮಿನಲ್ ಪ್ರೊಫೈಲಿನಲ್ಲಿ ಫ್ಲೋ ಕಂಟ್ರೋಲ್ ಅಂತ ಒಂದು ಟಿಕ್ ಇದೆ. ತೆಗೆದುಬಿಡಿ, ನೆಮ್ಮದಿ.

ಸ್ನಿಪೆಟ್‌ಗಳಿಗೆ ಕೊನೆಗೆ ಎರಡು ಹೆಜ್ಜೆಯ ಶಾರ್ಟ್‌ಕಟ್ ಕೊಟ್ಟೆವು: ಎಫ್12 ಒತ್ತಿ ಬಿಟ್ಟು, ಆಮೇಲೆ ಕಂಟ್ರೋಲ್ ಬಿ ಅಂದರೆ ಬೆಟ್ಟೆ, ಕಂಟ್ರೋಲ್ ಆರ್ ಅಂದರೆ ರಾಶಿ. ಕ್ಯೂಟಿಯಲ್ಲಿ ಇಂಥ ಸರಣಿ ನಾಲ್ಕು ಹೆಜ್ಜೆವರೆಗೂ ಹೋಗಬಹುದು, ಎರಡಕ್ಕಿಂತ ಜಾಸ್ತಿ ಕೈಗೆ ಹಿಡಿಸಲ್ಲ. ಮೊದಲ ಹೆಜ್ಜೆಯ ಕೀ ಮಾತ್ರ ಬೇರೆ ಯಾರ ಬಳಿಯೂ ಇರಬಾರದು, ಇದ್ದರೆ ಮತ್ತೆ ಅದೇ ರಗಳೆ. ಎರಡನೇ ಹೆಜ್ಜೆಗೂ ಕಂಟ್ರೋಲ್ ಯಾಕೆ ಅಂದರೆ, ಕನ್ನಡ ಆನ್ ಇದ್ದಾಗ ಬರೀ ಬಿ ಒತ್ತಿದರೆ ಅದನ್ನು ಟೈಪಿಂಗ್ ಸಾಫ್ಟ್‌ವೇರ್ ಹಿಡಿದು 'ಬ್' ಅಂತಲೋ 'ಬ' ಅಂತಲೋ ಮಾಡಿಬಿಡುತ್ತದೆ.

ಅವಳ ಲ್ಯಾಪ್‌ಟಾಪಿನಲ್ಲಿ ಎಫ್12 ಬೇಕೆಂದರೆ ಜೊತೆಗೆ ಎಫ್ಎನ್ ಕೀಯನ್ನೂ ಒತ್ತಬೇಕು. "ಇದು ಮೂರು ಹೆಜ್ಜೆ ಆಯ್ತಲ್ಲಣ್ಣ" ಅಂತ ಗೊಣಗಿದಳು. ಬಯಾಸ್‌ನಲ್ಲಿ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ಸ್) ಅದನ್ನು ಅದಲುಬದಲು ಮಾಡಿಕೊಟ್ಟೆ. ಈಗ ವಾಲ್ಯೂಮ್ ಜಾಸ್ತಿ ಮಾಡೋಕೆ ಎರಡು ಕೈ ಬೇಕು ಅಂತ ಗೊಣಗುತ್ತಾಳೆ.