ಎಸೆಯುವ ಮೊದಲು ರನ್ನರ್ ನೋಡಿ

"ಜಿಪ್ ಹೋಯ್ತು, ನೀರೂ ಒಳಗೆ ಬರ್ತಿದೆ, ಇದರ ಕತೆ ಮುಗೀತು" ಎಂದು ಗೆಳೆಯರು ನನ್ನ ಕೈಗೆ ತಂದುಕೊಡುವ ಚಾರಣದ ಜಾಕೆಟ್‌ಗಳಲ್ಲಿ ಹೆಚ್ಚಿನವಕ್ಕೆ ಆಗಿರುವುದು ಎರಡೇ. ಕೊಳೆ ಕೂತಿರುತ್ತದೆ, ಜಿಪ್ಪಿನ ಮೇಲೆ ಹಿಡಿದು ಎಳೆಯುವ ರನ್ನರ್ ಸವೆದಿರುತ್ತದೆ. ಬಟ್ಟೆ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೇ ನಾನು ಸೂಜಿ ದಾರ ತೆಗೆಯುವ ಮೊದಲು ಬಕೆಟ್ ತೆಗೆಯುತ್ತೇನೆ. ಕೊಳೆಯ ಮೇಲೆ ಅಂಟು ಕೂರುವುದಿಲ್ಲ, ಹರಿದದ್ದು ಎಲ್ಲಿ ಎಂದೂ ಸರಿಯಾಗಿ ಕಾಣುವುದಿಲ್ಲ.

ಒಗೆಯುವಾಗ ಜಿಪ್‌ಗಳನ್ನೆಲ್ಲ ಎಳೆದು, ವೆಲ್ಕ್ರೋ ಮುಚ್ಚಿ, ಜೇಬು ಖಾಲಿ ಮಾಡಿ. ಮೊದಲು ಒಳಗಿನ ಲೇಬಲ್ ಓದಿ. ಅದು ಬೇರೆ ಏನೂ ಹೇಳದಿದ್ದರೆ 30 ಡಿಗ್ರಿ ಬೆಚ್ಚಗಿನ ನೀರು, ಸ್ವಲ್ಪವೇ ದ್ರವ ಸೋಪು ಸಾಕು. ಎರಡು ಸಲ ಚೆನ್ನಾಗಿ ಜಾಲಿಸಿ. ಬಟ್ಟೆ ಮೆತ್ತಗಾಗಲಿ, ಘಮ ಬರಲಿ ಎಂದು ಹಾಕುವ ಫ್ಯಾಬ್ರಿಕ್ ಕಂಡಿಷನರ್ ಬೇಡವೇ ಬೇಡ. ಅದರ ಪದರ ಬಟ್ಟೆಯ ಮೇಲೆ ಉಳಿದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

"ನೀರು ಒಳಗೆ ಬರ್ತಿದೆ" ಎಂಬ ದೂರನ್ನು ನಾನು ತಕ್ಷಣ ನಂಬುವುದಿಲ್ಲ. ಗೋರ್-ಟೆಕ್ಸ್ ಬ್ರಾಂಡಿನಂಥ ಮಳೆ ತಡೆಯುವ ಜಾಕೆಟ್‌ನಲ್ಲಿ ನೀರು ತಡೆಯುವುದು ಹೊರಗಿನ ಬಟ್ಟೆಯಲ್ಲ, ಅದರ ಹಿಂದೆ ಅಂಟಿರುವ ತೆಳುವಾದ ಪೊರೆ. (1969ರಲ್ಲಿ ಬಾಬ್ ಗೋರ್ ಕಾಯಿಸಿದ ಟೆಫ್ಲಾನ್ ಕಡ್ಡಿಯನ್ನು ಸಿಟ್ಟಿನಿಂದ ಜಗ್ಗಿದಂತೆ ಒಮ್ಮೆಲೇ ಎಳೆದಾಗ ಅದು ತುಂಡಾಗುವ ಬದಲು ಹಿಗ್ಗಿತು. ಆ ಪೊರೆ ಹುಟ್ಟಿದ್ದು ಹಾಗೆ.) ಹೊರಬಟ್ಟೆಗೆ ಇರುವುದು ಹನಿಗಳನ್ನು ಉರುಳಿಸುವ ಒಂದು ಲೇಪ ಅಷ್ಟೇ. ಅದು ಸವೆದಾಗ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ನಿಮ್ಮ ಬೆವರಿನ ಆವಿಗೆ ಹೊರಗೆ ದಾರಿ ಸಿಗುವುದಿಲ್ಲ. ಮೈ ಒದ್ದೆಯಾದದ್ದು ಮಳೆಯಿಂದಲ್ಲ, ಸ್ವಂತ ಬೆವರಿನಿಂದ.

ಇದಕ್ಕೆ ಮದ್ದು ಶಾಖ. ಒಗೆದು ಒಣಗಿಸಿದ ಜಾಕೆಟ್ಟನ್ನು ಡ್ರೈಯರ್‌ನಲ್ಲಿ ಕಡಿಮೆ ಬಿಸಿಯಲ್ಲಿ 20 ನಿಮಿಷ ತಿರುಗಿಸಿ. ಡ್ರೈಯರ್ ಇಲ್ಲದಿದ್ದರೆ ಮೇಲೊಂದು ಹತ್ತಿ ಬಟ್ಟೆ ಹಾಸಿ, ಉಗಿ ಇಲ್ಲದೆ, ತೀರ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಆಡಿಸಿ. ಆಮೇಲೆ ಭುಜದ ಮೇಲೆ ಒಂದು ಚಮಚ ನೀರು ಸುರಿದು ನೋಡಿ. ಹನಿಗಟ್ಟಿ ಉರುಳಿದರೆ ಮುಗಿಯಿತು. ಆಗಲೂ ಬಟ್ಟೆ ಕಪ್ಪಾಗಿ ನೆನೆದರೆ ಮಾತ್ರ ಹೊಸ ಲೇಪದ ಸ್ಪ್ರೇ ಕೊಳ್ಳಿ. ಈಗಿನ ಫ್ಲೋರಿನ್ ಇಲ್ಲದ ಲೇಪಗಳು ನೀರನ್ನು ತಡೆಯುತ್ತವೆ, ಎಣ್ಣೆಜಿಡ್ಡನ್ನು ತಡೆಯುವುದಿಲ್ಲ. ಹಾಗಾಗಿ ಕತ್ತಿನ ಪಟ್ಟಿ, ತೋಳಿನ ತುದಿ ಮೊದಲು ಸೋಲುತ್ತವೆ, ಇಂಥ ಜಾಕೆಟ್ಟನ್ನು ಆಗಾಗ ಒಗೆಯಲೇಬೇಕು.

ಇನ್ನು ಜಿಪ್. ರನ್ನರ್ ಮೇಲೆ ಹೋದ ಮೇಲೆ ಹಿಂದೆ ಹಲ್ಲುಗಳು ಬಾಯಿ ಬಿಡುತ್ತಿವೆಯೇ? ತಪ್ಪು ಹಲ್ಲಿನದ್ದಲ್ಲ. ರನ್ನರ್‌ನ ಎರಡು ತಟ್ಟೆಗಳು ಸವೆದು ಅಗಲವಾಗಿವೆ. ಮೊದಲು ಹಳೇ ಟೂತ್‌ಬ್ರಷ್ಷಿನಿಂದ ಹಲ್ಲಿನ ಸಂದಿಯ ಮಣ್ಣು, ಮರಳು ತೆಗೆಯಿರಿ. ಬಳಿಕ ರನ್ನರನ್ನು ತೀರ ಕೆಳಗೆ ತಂದು, ಅದರ ಬಾಲದ ಕಡೆ, ಅಂದರೆ ಒಂದೇ ಬಾಯಿ ಇರುವ ತುದಿಯಲ್ಲಿ, ಎಡಕ್ಕೊಂದು ಸಲ, ಬಲಕ್ಕೊಂದು ಸಲ ಇಕ್ಕಳದಿಂದ ಮೆಲ್ಲಗೆ ಒತ್ತಿ. ಒತ್ತಿ ನೋಡಿ, ಎಳೆದು ನೋಡಿ, ಬೇಕಾದರೆ ಮತ್ತೆ ಕೂದಲೆಳೆಯಷ್ಟು ಒತ್ತಿ. ಎರಕದ ಲೋಹ ಅದು, ಜೋರು ಮಾಡಿದರೆ ಟಪ್ಪೆಂದು ಸೀಳುತ್ತದೆ.

ಇದು ಸದ್ಯಕ್ಕೆ ನಡೆಯುವ ಉಪಾಯ. ಪಕ್ಕಾ ಕೆಲಸವೆಂದರೆ ಹೊಸ ರನ್ನರ್. ಹಳೆಯದನ್ನು ತಿರುಗಿಸಿ ನೋಡಿ, ಬೆನ್ನಿನ ಮೇಲೆ ಸಾಮಾನ್ಯವಾಗಿ 3, 5, 8 ಅಂತ ಒಂದು ಅಂಕಿ ಇರುತ್ತದೆ. ಅದು ಅಳತೆ. ಜನ ಪಕ್ಕದ ವೈಕೆಕೆ ಅಕ್ಷರ ನೋಡಿ ಅದೇ ಕಂಪನಿಯದ್ದು ತರುತ್ತಾರೆ, ಅಂಕಿ ಬಿಡುತ್ತಾರೆ. ಅಂಕಿಯ ಜೊತೆ ಹಲ್ಲಿನ ಜಾತಿಯೂ ಹೊಂದಬೇಕು: ಸುರುಳಿ ದಾರದಂಥದ್ದೋ, ಬಿಡಿಬಿಡಿ ಪ್ಲಾಸ್ಟಿಕ್ ಹಲ್ಲೋ, ಲೋಹದ್ದೋ. ಸುರುಳಿಯ 5ರ ರನ್ನರ್ ಪ್ಲಾಸ್ಟಿಕ್ ಹಲ್ಲಿನ 5ಕ್ಕೆ ಕೂರುವುದಿಲ್ಲ. ಜಿಪ್ಪಿನ ಮೇಲ್ತುದಿಯಲ್ಲಿ ರನ್ನರ್ ಹಾರಿಹೋಗದಂತೆ ತಡೆಯುವ ಒಂದು ಗುಂಡಿಯಂಥದ್ದಿರುತ್ತದೆ, ಅದನ್ನು ಕಟರ್‌ನಿಂದ ತೆಗೆದು ಹಳೆಯದನ್ನು ಜಾರಿಸಿ ಹೊಸದನ್ನು ತೂರಿಸಿ. ಎರಡು ಬಾಯಿ ಇರುವ ಕಡೆ ಮೇಲಕ್ಕಿರಬೇಕು. ಆಮೇಲೆ ಅದೇ ಜಾಗಕ್ಕೆ ಗಟ್ಟಿ ದಾರದಲ್ಲಿ ಏಳೆಂಟು ಸುತ್ತು ಹೊಲಿದು ತಡೆ ಕಟ್ಟಿ. ಹಲ್ಲುಗಳೇ ಉದುರಿದ್ದರೆ, ಕೆಳಗಿನ ಕಡ್ಡಿ ಮುರಿದಿದ್ದರೆ ಇಡೀ ಜಿಪ್ ಬದಲಿಸಬೇಕು. ಅದನ್ನು ನಾನೂ ದರ್ಜಿಗೇ ಕೊಡುತ್ತೇನೆ.

ತೇಪೆಗೆ ಅಂಟಿಸುವ ನೈಲಾನ್ ಟೇಪ್ ಸಿಗುತ್ತದೆ. ಹರಿದ ಜಾಗದ ಸುತ್ತ ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ. ಹರಿದ ಅಂಚುಗಳನ್ನು ಮೇಜಿನ ಮೇಲೆ ಕೂಡಿಸಿ, ಎಲ್ಲ ಕಡೆ ಒಂದೆರಡು ಸೆಂಟಿಮೀಟರ್ ಹೆಚ್ಚಿರುವಂತೆ ತೇಪೆ ಕತ್ತರಿಸಿ. ಮೂಲೆಗಳನ್ನು ನಾಣ್ಯ ಇಟ್ಟು ದುಂಡಗೆ ಮಾಡಿ, ಚೂಪು ಮೂಲೆ ಬ್ಯಾಗಿನ ಪಟ್ಟಿಗೆ ತಾಗಿ ಮೊದಲು ಏಳುವುದೇ ಅಲ್ಲಿ. ಅಂಟಿಸಿ, ಚಮಚದ ಬೆನ್ನಿನಿಂದ ಉಜ್ಜಿ, ಒಂದು ದಿನ ಹಾಗೇ ಬಿಡಿ. ನೀರು ತಡೆಯುವ ಜಾಕೆಟ್‌ಗೆ ಸೂಜಿ ಹಾಕದಿರುವುದೇ ಒಳ್ಳೆಯದು, ಒಂದೊಂದು ತೂತೂ ಒಂದೊಂದು ಸೋರಿಕೆ. ಹೊಲಿಯಲೇಬೇಕಾದರೆ ಹೊಲಿಗೆಯ ಒಳಬದಿಗೆ ತೂತು ಮುಚ್ಚುವ ಅಂಟು, ಸೀಮ್ ಸೀಲರ್, ಬಳಿಯಿರಿ. ಗರಿ ತುಂಬಿದ ಜಾಕೆಟ್ಟಿಗೂ ಟೇಪೇ ಸರಿ. ಹೊರಗೆ ಇಣುಕಿದ ಗರಿಯನ್ನು ಕೀಳಬೇಡಿ, ಹಿಂದಿನಿಂದ ಚಿವುಟಿ ಒಳಗೆಳೆಯಿರಿ.

ಪ್ಯಾಂಟಿನ ಮೊಣಕಾಲು, ಕೂರುವ ಜಾಗ, ತೋಳಿನ ಅಂಚು, ಇವಕ್ಕೆ ಧಾರಾಳವಾಗಿ ಹೊಲಿಗೆ ಹಾಕಿ. ದಾರ ಪಾಲಿಯೆಸ್ಟರ್ ಇರಲಿ, ಹತ್ತಿ ದಾರ ತೇವದಲ್ಲಿ ಲಡ್ಡಾಗುತ್ತದೆ. ಉಣ್ಣೆಯದ್ದಾದರೆ ತೂತು ಬೀಳುವ ತನಕ ಕಾಯದೆ, ಬೆಳಕಿಗೆ ಹಿಡಿದು ತೆಳುವಾದ ಕಡೆ ಆಗಲೇ ರಫು ಮಾಡಿ.

ಒಂದು ಕಾಯಿಲೆಗೆ ಮಾತ್ರ ನನ್ನ ಬಳಿ ಔಷಧವಿಲ್ಲ. ಕೆಲವು ಜಾಕೆಟ್‌ಗಳ ಒಳಬದಿಗೆ ನೀರು ತಡೆಯಲು ಬಳಿದಿರುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪ ಅಂಟಂಟಾಗಿ, ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದ್ದರೆ, ಹುಳಿ ವಾಸನೆ ಬರುತ್ತಿದ್ದರೆ, ತೇವ ಆ ಲೇಪವನ್ನು ಒಡೆದುಹಾಕಿದೆ ಎಂದರ್ಥ. ಒದ್ದೆ ಜಾಕೆಟ್ಟನ್ನು ಮುದುರಿ ಚೀಲದಲ್ಲಿ ಮರೆತರೆ ಇದು ಬೇಗ ಬರುತ್ತದೆ. ಅಂಥದ್ದನ್ನು ಯಾರಿಗೂ ದಾಟಿಸಬೇಡಿ. ರನ್ನರ್, ಬಕಲ್, ಎಳೆಯುವ ಹಗ್ಗ, ವೆಲ್ಕ್ರೋ ಬಿಚ್ಚಿ ಡಬ್ಬಿಗೆ ಹಾಕಿ. ಲೇಪವಿಲ್ಲದ ಭಾಗದಿಂದ ತೇಪೆ ಕತ್ತರಿಸಿ, ತೋಳಿನ ಒಂದು ತುದಿ ಹೊಲಿದರೆ ಟೆಂಟಿನ ಗೂಟ ಇಡುವ ಚೀಲ.

ಅಣ್ಣನ ಹಸಿರು ಜಾಕೆಟ್ಟನ್ನು ನಾನು ತೊಟ್ಟೆ, ಈಗ ಮಗಳು ತೊಡುತ್ತಿದ್ದಾಳೆ. ಒಳ ಲೇಬಲ್ಲಿನ ಮೇಲೆ ಯಾವ ವರ್ಷ ಏನು ರಿಪೇರಿಯಾಯಿತು ಎಂದು ಒಗೆದರೂ ಹೋಗದ ಪೆನ್ನಿನಲ್ಲಿ ಬರೆದಿದೆ. ಹೆಸರಿಗಿಂತ ಇದು ಉಪಯೋಗ, ಮುಂದಿನವರು ಎಲ್ಲಿ ಕಣ್ಣಿಡಬೇಕೆಂದು ತಿಳಿಯುತ್ತದೆ. ಮಕ್ಕಳಿಗೆ ಕೊಡುವಾಗ ಉದ್ದದ ತೋಳನ್ನು ಕತ್ತರಿಸಬೇಡಿ, ಒಳಗೆ ಮಡಚಿ ದೂರದೂರ ಹೊಲಿಗೆ ಹಾಕಿದರೆ ಬೆಳೆದಂತೆ ಬಿಚ್ಚಬಹುದು. ನೀರು ತಡೆಯುವ ಜಾಕೆಟ್ಟಾದರೆ ಮಡಿಕೆ ಸಾಕು, ಮಣಿಕಟ್ಟಿನ ವೆಲ್ಕ್ರೋ ಬಿಗಿ ಮಾಡಿದರೆ ನಿಲ್ಲುತ್ತದೆ. ಚಿಕ್ಕ ಮಕ್ಕಳದ್ದಾದರೆ ಟೋಪಿ ಮತ್ತು ಕತ್ತಿನ ಹಗ್ಗವನ್ನು ಪೂರ್ತಿ ಎಳೆದು ತೆಗೆದುಬಿಡಿ. ಜಾರುಬಂಡೆಗೋ ಬಾಗಿಲಿಗೋ ಸಿಕ್ಕಿ ಕುತ್ತಿಗೆಗೆ ಬಿಗಿದುಕೊಳ್ಳುವ ಅಪಾಯ ಅದರಲ್ಲಿದೆ.