ಚೆನ್ನಾಗಿ ಓಡೋ ಹುಡುಗನನ್ನೇ ಗೋಲಿಗೆ ನಿಲ್ಲಿಸಿ

ನಮ್ಮ ಚಿಕ್ಕಮಗಳೂರಿನಲ್ಲಿ ಯಾವ ಮೈದಾನಕ್ಕೆ ಹೋದರೂ ಇದೇ ಕಥೆ. ಫುಟ್ಬಾಲ್ ತಂಡ ಮಾಡುವಾಗ ಓಡೋಕೆ ಆಗದ ಹುಡುಗನನ್ನು ಗೋಲಿಗೆ ತಳ್ಳುತ್ತಾರೆ. ಮಕ್ಕಳಿಗೆ ಹೇಳಿಕೊಡಲು ಶುರು ಮಾಡಿದ ವರ್ಷ ನಾನೂ ಹೀಗೇ ಮಾಡಿದ್ದೆ. ಆ ಹುಡುಗ ಎರಡೇ ತಿಂಗಳಿಗೆ ಬರೋದನ್ನೇ ಬಿಟ್ಟ. ಇವತ್ತಿಗೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

ಆರ್ಥರ್ ವಾರ್ಟನ್ ಬಗ್ಗೆ ಓದಿದ ಮೇಲೆ ನನ್ನ ಲೆಕ್ಕವೇ ಬದಲಾಯಿತು. 1865ರಲ್ಲಿ ಈಗಿನ ಘಾನಾದ ಅಕ್ರಾದಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಓದೋಕೆ ಹೋಗಿ, 1886ರಲ್ಲಿ ಅಲ್ಲಿನ ಓಟದ ಚಾಂಪಿಯನ್‌ಶಿಪ್‌ನಲ್ಲಿ 100 ಗಜವನ್ನು 10 ಸೆಕೆಂಡಿನಲ್ಲಿ ಓಡಿ ಗೆದ್ದವರು. ಅಷ್ಟು ಜೋರಾಗಿ ಓಡುವ ಮನುಷ್ಯ ಫುಟ್ಬಾಲ್‌ನಲ್ಲಿ ನಿಂತಿದ್ದು ಗೋಲಿನಲ್ಲಿ! 1889ರಲ್ಲಿ ರಾದರ್‌ಹ್ಯಾಮ್ ಟೌನ್ ಅನ್ನೋ ಕ್ಲಬ್ ಸೇರಿ ಸಂಬಳಕ್ಕೆ ಆಡಿದರು. ಮೊದಲ ಕಪ್ಪು ವೃತ್ತಿಪರ ಆಟಗಾರ ಅಂತ ಸಾಮಾನ್ಯವಾಗಿ ಅವರನ್ನೇ ಹೇಳುತ್ತಾರೆ. ಆಗೆಲ್ಲ ಎದುರಾಳಿಗಳು ಗೋಲು ಕಾಯೋ ಕೀಪರ್‌ಗೆ ಭುಜ ಕೊಟ್ಟು ಗುದ್ದಬಹುದಿತ್ತು, ಅಂದರೆ ಕಾಲಿನ ಜೊತೆ ಗುಂಡಿಗೆಯೂ ಬೇಕಿತ್ತು.

ಹಾಗಾಗಿ ಕೀಪರ್ ಆರಿಸುವಾಗ ಎತ್ತರ ನೋಡಬೇಡಿ. ಮಕ್ಕಳನ್ನು ಒಬ್ಬೊಬ್ಬರಾಗಿ ಗೋಲ್ ಗೆರೆಯಲ್ಲಿ ನಿಲ್ಲಿಸಿ, ಹತ್ತು ಹೆಜ್ಜೆ ಮುಂದಕ್ಕೆ ಚೆಂಡು ಉರುಳಿಸಿ, ಎದುರಿನಿಂದ ಇನ್ನೊಬ್ಬ ಓಡಿ ಬರಲಿ. ಯಾರು ಮುಖ ತಿರುಗಿಸದೆ ಹೋಗಿ ಬಾಚಿಕೊಳ್ಳುತ್ತಾರೋ ಅವರೇ ನಿಮ್ಮ ಕೀಪರ್.

ಆಮೇಲೆ ಹಗ್ಗ. ಬಟ್ಟೆ ಒಣಗಿಸೋ ನೈಲಾನ್ ಹಗ್ಗ 25 ಮೀಟರ್ ತಗೊಳ್ಳಿ. ಎರಡು ತುದಿಗಳನ್ನು ಗೋಲಿನ ಎರಡು ಕಂಬಕ್ಕೆ ಕಟ್ಟಿ, ನಡುಭಾಗವನ್ನು ಗೋಲಿನ ಎದುರು 11 ಮೀಟರ್ ದೂರದ ಪೆನಾಲ್ಟಿ ಚುಕ್ಕಿಯವರೆಗೆ ಎಳೆದು ಹಿಡಿದು, ಅಲ್ಲೇ ಚೆಂಡು ಇಡಿ. ಮಗು ಮೊದಲು ಗೆರೆ ಮೇಲೆ ನಿಲ್ಲಲಿ. ಎರಡೂ ಕಡೆ ಹಗ್ಗ ಕೈಗೆಟುಕಲ್ಲ, ಒಂದೊಂದು ಕಡೆ 3.66 ಮೀಟರ್. ಈಗ ಮೂರು ಮೀಟರ್ ಮುಂದೆ ಬರಲಿ. ಒಂದೊಂದು ಕಡೆಯೂ ಒಂದು ಮೀಟರ್ ಕಡಿಮೆಯಾಗುತ್ತದೆ! ಬಾಯಲ್ಲಿ ನೂರು ಸಲ ಹೇಳಿದರೂ ತಲೆಗೆ ಹೋಗದ್ದು ಆ ಹಗ್ಗ ನೋಡಿದ ತಕ್ಷಣ ಹೋಗುತ್ತದೆ, ಮಗುವಿನ ಕಣ್ಣಲ್ಲೇ ಗೊತ್ತಾಗುತ್ತದೆ. ಆಮೇಲೆ ಹಗ್ಗ ಬಿಗಿಯಾಗೇ ಇಟ್ಟುಕೊಂಡು ಚೆಂಡನ್ನು ಎಡಕ್ಕೆ, ಬಲಕ್ಕೆ ಸರಿಸಿ, ಮಗು ಪ್ರತಿ ಸಲ ನಡುವೆ ಬಂದು ನಿಲ್ಲಲಿ. ಆದರೆ ತುಂಬಾ ಮುಂದೆ ಬಂದರೆ ತಲೆ ಮೇಲಿಂದ ಹೋಗುತ್ತದೆ, ಅದನ್ನೂ ಒಂದೆರಡು ಸಲ ಮೇಲಕ್ಕೆ ಎತ್ತಿ ಹೊಡೆದು ತೋರಿಸಿ.

ನಮ್ಮಲ್ಲಿ ಜೂನ್ ಬಂತು ಅಂದ್ರೆ ಮಳೆ ಬಿಡಲ್ಲ, ಅಲ್ವಾ. ನೆನೆದ ಚೆಂಡು ಹುಲ್ಲಿನ ಮೇಲೆ ಜಾರಿ ಬೇಗ ಬರುತ್ತದೆ. ಕೆಳಗೆ ಬರೋ ಚೆಂಡಿಗೆ ಒಂದು ಮಂಡಿ ಬಗ್ಗಿಸಿ ಕೈ ಹಿಂದೆ ಮೈ ಇರಲಿ, ಕೈ ತಪ್ಪಿದರೂ ಮೈಗೆ ತಾಗಿ ನಿಲ್ಲುತ್ತದೆ. ಹಿಡಿಯೋಕಾಗಲ್ಲ ಅನ್ನಿಸಿದರೆ ಅಂಗೈಯಿಂದ ಪಕ್ಕಕ್ಕೆ ತಳ್ಳಬೇಕು, ಮುಂದಕ್ಕಲ್ಲ. ಇದನ್ನು ಬೇಸಿಗೆಯಲ್ಲೇ ಚೆಂಡನ್ನು ಬಕೆಟ್ ನೀರಲ್ಲಿ ಅದ್ದಿ ರೂಢಿ ಮಾಡಿಸಿ. ಪಕ್ಕಕ್ಕೆ ಹಾರಿ ಹಿಡಿಯೋ ಡೈವ್ ಮೊದಲು ಮಂಡಿಯೂರಿ ಕೂತ ಜಾಗದಿಂದಲೇ ಕಲಿಸಿ, ಮೊಣಕೈ ಊರಿ ಬೀಳಲು ಬಿಡಬೇಡಿ.

ಇನ್ನು ಮಗು ಚೆನ್ನಾಗಿ ಆಡಿ, ಬೆಂಗಳೂರಿನ ಯಾವುದೋ ದೊಡ್ಡ ಕ್ಲಬ್ಬಿನವರು ಕರೆದರು ಅನ್ನಿ. ಅಪ್ಪ ಅಮ್ಮ ಕೇಳಬೇಕಾದ ಮೊದಲ ಪ್ರಶ್ನೆ ಕಿಟ್ ಬಗ್ಗೆ ಅಲ್ಲ. "ನಿಮ್ಮಲ್ಲಿ ಈಗ ಎಷ್ಟು ಕೀಪರ್ ಇದ್ದಾರೆ, ಇವನಿಗೆ ಆಡೋಕೆ ಸಿಗುತ್ತಾ?" ಅಂತ ಕೇಳಿ. ತಂಡಕ್ಕೆ ಕೀಪರ್ ಒಬ್ಬನೇ. ವಾರ್ಟನ್ 1894ರಲ್ಲಿ ಶೆಫೀಲ್ಡ್ ಯುನೈಟೆಡ್‌ಗೆ ಹೋದಾಗ ಅಲ್ಲಿ ವಿಲಿಯಂ ಫೋಕ್ ಅನ್ನೋ ಭಾರಿ ಆಳು ಕೀಪರ್ ಆಗಿದ್ದರು, ಹಾಗಾಗಿ ಇವರಿಗೆ ಸಿಕ್ಕಿದ್ದು ಕೆಲವೇ ಪಂದ್ಯ. ಆಟ ಮುಗಿದ ಮೇಲೆ ಕಲ್ಲಿದ್ದಲು ಗಣಿಯಲ್ಲಿ ದುಡಿದರು. 1930ರಲ್ಲಿ ತೀರಿಕೊಂಡಾಗ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ, ಅದನ್ನು ನೆಟ್ಟಿದ್ದು 1997ರಲ್ಲಿ. ಓದುವಾಗ ಕಣ್ಣು ತುಂಬಿ ಬಂತು.

ಅವಸರ ಏನಿಲ್ಲ, ಕೀಪರ್‌ಗಳು ಮೂವತ್ತು ದಾಟಿದ ಮೇಲೂ ಚೆನ್ನಾಗಿ ಆಡುತ್ತಾರೆ. ಪಿಯುಸಿ ಪರೀಕ್ಷೆ ಬಿಡಿಸಿ ಕಳಿಸಬೇಡಿ. ಕ್ಲಬ್ಬಿನ ಕಾಗದಕ್ಕೆ ಸಹಿ ಹಾಕೋ ಮೊದಲು ಗಾಯವಾದರೆ ಖರ್ಚು ಯಾರದ್ದು ಅಂತ ಅದರಲ್ಲಿ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಬರೆಸಿಕೊಂಡೇ ಸಹಿ ಹಾಕಿ.