ಕೌದಿಯ ಮೇಲ್ಪದರ ಸಿದ್ಧವಾದ ಮೇಲೆ: ಹೊಲಿಗೆಯ ವಿನ್ಯಾಸ ಮತ್ತು ದಾರವನ್ನು ಆರಿಸುವ ಬಗೆ

ತುಂಡು ಬಟ್ಟೆಗಳನ್ನು ಜೋಡಿಸಿ ಚೆಂದದ ಮೇಲ್ಪದರವನ್ನು ಹೊಲಿದು ಮುಗಿಸಿದವರಲ್ಲಿ ಅನೇಕರು ಅಲ್ಲಿಂದ ಮುಂದಕ್ಕೆ ಹೋಗಲು ಹಿಂಜರಿದು, ಅದನ್ನು ಮಡಿಸಿ ಕಪಾಟಿನಲ್ಲಿಟ್ಟುಬಿಡುತ್ತಾರೆ. ಮೇಲ್ಪದರ, ನಡುವಿನ ಹತ್ತಿ ಹಾಸು, ಅಡಿಯ ಬಟ್ಟೆ ಈ ಮೂರನ್ನೂ ಒಂದಾಗಿ ಹಿಡಿಯುವ ಹೊಲಿಗೆ ಯಾವ ವಿನ್ಯಾಸದಲ್ಲಿರಬೇಕು, ಅದಕ್ಕೆ ಯಾವ ದಾರ ಬೇಕು ಎಂಬುದು ತೀರ್ಮಾನವಾಗದಿರುವುದೇ ಇದಕ್ಕೆ ಮುಖ್ಯ ಕಾರಣ. ಈ ಎರಡನ್ನೂ ಬೇರೆ ಬೇರೆ ಪ್ರಶ್ನೆಗಳೆಂದು ತಿಳಿದರೆ ಗೊಂದಲ ಹೆಚ್ಚುತ್ತದೆ. ಒತ್ತೊತ್ತಾಗಿ ಹಾಕುವ ಗೆರೆಗಳಿಗೆ ದಪ್ಪ ದಾರ ಬಳಸಿದರೆ ಕೌದಿ ಬಿರುಸಾಗುತ್ತದೆ. ದೂರದೂರದ ಗೆರೆಗಳಿಗೆ ತೆಳು ದಾರ ಬಳಸಿದರೆ ಹೊಲಿಗೆ ಕಾಣುವುದೂ ಇಲ್ಲ, ಬಾಳುವುದೂ ಇಲ್ಲ. ಆದ್ದರಿಂದ ವಿನ್ಯಾಸವನ್ನೂ ದಾರವನ್ನೂ ಒಟ್ಟಿಗೆ ಕೂತು ಆರಿಸಬೇಕು.

ಉದಾಹರಣೆಗೆ, 60 ಅಂಗುಲ ಅಗಲ, 80 ಅಂಗುಲ ಉದ್ದದ ಒಂದು ಮೇಲ್ಪದರವನ್ನು ತೆಗೆದುಕೊಳ್ಳೋಣ. ಹಳೆಯ ಹತ್ತಿ ಸೀರೆಗಳ ಚೌಕಗಳು, ಅಲ್ಲಲ್ಲಿ ಗುಳೇದಗುಡ್ಡದ ಖಣದ ತುಂಡುಗಳು, ಚೌಕಗಳ ನಡುವೆ ಒಂದೇ ಬಣ್ಣದ ಪಟ್ಟಿಗಳು ಅದರಲ್ಲಿವೆ.

ಮೊದಲು ಬಳಕೆ, ಆಮೇಲೆ ಅಂದ

ಮೊದಲ ಹೆಜ್ಜೆಯೆಂದರೆ ಕೌದಿ ಯಾರಿಗೆ, ಎಷ್ಟು ಸಲ ಒಗೆಯುವಂಥದ್ದು ಎಂದು ನಿರ್ಧರಿಸುವುದು. ಮಗುವಿನ ಹಾಸಿಗೆಗೆ ಹಾಕುವ, ವಾರಕ್ಕೊಮ್ಮೆ ಒಗೆಯುವ ಕೌದಿಗೆ ಉದ್ದುದ್ದ ಟಾಕಿಗಳು (ದಾರದ ಒಂದೊಂದು ಹೊಲಿಗೆ) ಹೊಂದುವುದಿಲ್ಲ, ಏಕೆಂದರೆ ಕಾಲುಬೆರಳು ಅವುಗಳಿಗೆ ಸಿಕ್ಕಿಕೊಳ್ಳುತ್ತದೆ. ಗೋಡೆಗೆ ತೂಗುಹಾಕುವುದಾದರೆ ಈ ಚಿಂತೆಯಿಲ್ಲ.

ಎರಡನೆಯದಾಗಿ ನಡುವಿನ ಪದರವನ್ನು ನೋಡಬೇಕು. ಗೆರೆಗಳ ನಡುವೆ ಹೆಚ್ಚೆಂದರೆ ಎಷ್ಟು ಅಂತರವಿರಬಹುದು ಎಂಬುದನ್ನು ನಿರ್ಧರಿಸುವುದು ನಮ್ಮ ಇಷ್ಟಕ್ಕಿಂತ ಹೆಚ್ಚಾಗಿ ಈ ಪದರವೇ. ಬಿಡಿ ಹತ್ತಿಯನ್ನು ಹರಡಿದ್ದರೆ ಎರಡು ಅಂಗುಲಕ್ಕಿಂತ ದೂರ ಹೋಗಬಾರದು. ಹೋದರೆ ಒಗೆದಾಗ ಹತ್ತಿ ಮುದ್ದೆಗಟ್ಟುತ್ತದೆ. ಅಂಗಡಿಯಲ್ಲಿ ಸಿಗುವ, ಸೂಜಿಯಿಂದ ಚುಚ್ಚಿ ಗಟ್ಟಿಮಾಡಿದ ಬ್ಯಾಟಿಂಗ್ (ನಡುಪದರಕ್ಕೆಂದೇ ಮಾಡಿದ ಸಿದ್ಧ ಹಾಸು) ಆದರೆ ಅದರ ಪೊಟ್ಟಣದ ಮೇಲೆ ಅನುಮತಿಸಿದ ಅಂತರ ಮುದ್ರಿತವಾಗಿರುತ್ತದೆ. ಕೆಲವು ಎಂಟು ಅಂಗುಲದವರೆಗೂ ತಡೆದುಕೊಳ್ಳುತ್ತವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಾಡುವಂತೆ ಹಳೆಯ ಸೀರೆ, ಧೋತರಗಳನ್ನೇ ಪದರಪದರವಾಗಿ ಹಾಸಿದ್ದರೆ ಮುದ್ದೆಗಟ್ಟುವ ಭಯವಿಲ್ಲ. ಆದರೆ ಸವೆದ ಬಟ್ಟೆಗೆ ಆಧಾರ ಬೇಕಾದ್ದರಿಂದ ಅಲ್ಲಿ ಗೆರೆಗಳು ಒಂದು ಅಂಗುಲದೊಳಗೇ ಇದ್ದರೆ ಒಳ್ಳೆಯದು.

ವಿನ್ಯಾಸವನ್ನು ಬಟ್ಟೆಯಿಂದಲೇ ಓದುವುದು

ಮೇಲ್ಪದರವನ್ನು ನೆಲದ ಮೇಲೆ ಹಾಸಿ, ಸ್ವಲ್ಪ ದೂರ ನಿಂತು ನೋಡಿದರೆ ಹೊಲಿಗೆ ಎಲ್ಲಿ ಕಾಣುತ್ತದೆ, ಎಲ್ಲಿ ಮುಚ್ಚಿಹೋಗುತ್ತದೆ ಎಂಬುದು ಗೊತ್ತಾಗುತ್ತದೆ. ಖಣದಂಥ ದಟ್ಟ ಬುಟ್ಟಾಗಳ ಬಟ್ಟೆಯ ಮೇಲೆ ಎಷ್ಟೇ ಶ್ರಮಪಟ್ಟು ಹೂಬಳ್ಳಿ ಹೊಲಿದರೂ ಅದು ನೇಯ್ಗೆಯೊಳಗೆ ಕರಗಿಹೋಗುತ್ತದೆ. ಅಂಥ ಕಡೆ ನೇರ ಗೆರೆ ಸಾಕು. ಒಂದೇ ಬಣ್ಣದ ಪಟ್ಟಿಗಳ ಮೇಲೆ ಪ್ರತಿಯೊಂದು ಟಾಕಿಯೂ ಎದ್ದು ಕಾಣುವುದರಿಂದ ಎಲೆ, ಹೆಣಿಗೆ, ಅಲೆ ಮುಂತಾದ ಕುಸುರಿಗೆ ಸಮಯವನ್ನು ಅಲ್ಲಿ ಖರ್ಚುಮಾಡುವುದು ಸಾರ್ಥಕ.

ಆಯ್ಕೆಗಳು ಸ್ಥೂಲವಾಗಿ ಮೂರು. ಜೋಡಣೆಯ ಗೆರೆಯಿಂದ ಕಾಲು ಅಂಗುಲ ಒಳಕ್ಕೆ ಪ್ರತಿ ಚೌಕದ ಸುತ್ತ ಹೊಲಿಯುವುದು ಮೊದಲನೆಯದು. ಜೋಡಣೆಯ ದಪ್ಪ ಮಡಿಕೆಗಳನ್ನು ಸೂಜಿ ಆದಷ್ಟು ತಪ್ಪಿಸಿಕೊಳ್ಳುವುದರಿಂದ ಕೈಹೊಲಿಗೆಯವರಿಗೆ ಇದು ಸುಲಭ. ತುಂಡುಗಳನ್ನು ಲೆಕ್ಕಿಸದೆ ಇಡೀ ಕೌದಿಯ ಮೇಲೆ ಅಡ್ಡ ಉದ್ದ ಅಥವಾ ಓರೆ ಗೆರೆಗಳ ಜಾಲವನ್ನು ಹಾಕುವುದು ಎರಡನೆಯದು. ಒಂದು ಆಕಾರವನ್ನು ಹಿಡಿದು ಅದರ ಸುತ್ತ ಒಂದರ ಹೊರಗೊಂದು ಗೆರೆ ಎಳೆಯುತ್ತಾ ಹೋಗುವುದು ಮೂರನೆಯದು. ಮೊದಲ ಕೌದಿಗೆ ನಾನು ಹೇಳುವುದು ಓರೆ ಗೆರೆಗಳ ಜಾಲವನ್ನೇ. ಚೌಕಗಳ ಜೋಡಣೆಯಲ್ಲಿ ಮೂಲೆಗಳು ಕೂಡದೆ ಸಣ್ಣಪುಟ್ಟ ಏರುಪೇರುಗಳಿದ್ದರೆ ಓರೆ ಗೆರೆಗಳು ಕಣ್ಣನ್ನು ಅವುಗಳಿಂದ ಬೇರೆಡೆಗೆ ಸೆಳೆಯುತ್ತವೆ. ಚೌಕದ ಅಂಚಿಗೆ ಸಮಾನಾಂತರವಾದ ಗೆರೆಗಳಾದರೋ ಅವುಗಳನ್ನು ಮತ್ತಷ್ಟು ಎತ್ತಿ ತೋರಿಸುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕೌದಿಗಳು ಈಗ ದೇಶ ವಿದೇಶಗಳಲ್ಲಿ ಹೆಸರಾಗಿವೆ. ಅವುಗಳಲ್ಲಿ ಹೊಲಿಗೆ ಅಂಚಿನಿಂದ ಆರಂಭವಾಗಿ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಸಾಗುತ್ತದೆ. ಆ ಸೊಬಗಿಗೆ ಮನಸೋತು ಸಿದ್ಧ ಮೇಲ್ಪದರದ ಮೇಲೆ ಅದೇ ಕ್ರಮವನ್ನು ಅನುಸರಿಸಲು ಹೋದರೆ ನಡುವೆ ಬಟ್ಟೆ ಉಬ್ಬಿಕೊಂಡು ನೆರಿಗೆ ಬೀಳುತ್ತದೆ. ಸಿದ್ದಿ ಹೆಂಗಸರು ಮೇಲ್ಪದರವನ್ನು ಮೊದಲೇ ಜೋಡಿಸಿಕೊಂಡಿರುವುದಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಒಂದೊಂದೇ ತುಂಡನ್ನು ಅಡಿಬಟ್ಟೆಯ ಮೇಲಿಟ್ಟು, ಅಂಚು ಮಡಿಸಿ ಸೇರಿಸುತ್ತಾ ಹೋಗುತ್ತಾರೆ. ಹೀಗಾಗಿ ಸಡಿಲವೆಲ್ಲ ಮುಂದಿನ ತುಂಡಿನಲ್ಲಿ ಸರಿಹೋಗುತ್ತದೆ. ಜೋಡಿಸಿ ಮುಗಿಸಿದ ಮೇಲ್ಪದರಕ್ಕೆ ಆ ಅವಕಾಶವಿಲ್ಲವಾದ್ದರಿಂದ ನಡುವಿನಿಂದ ಅಂಚಿನ ಕಡೆಗೇ ಹೋಗಬೇಕು. ಸುತ್ತು ಗೆರೆಗಳ ವಿನ್ಯಾಸವನ್ನೇ ಬಯಸುವವರು ಮೂರೂ ಪದರಗಳಿಗೆ ನಾಲ್ಕು ಅಂಗುಲಕ್ಕೊಂದರಂತೆ ಕಚ್ಚಾ ಹೊಲಿಗೆ ಹಾಕಿಕೊಂಡು, ಗೆರೆಗಳನ್ನು ಒಳಸುತ್ತಿನಿಂದ ಹೊರಕ್ಕೆ ಹೊಲಿಯಬಹುದು. ಮುಗಿದ ಮೇಲೆ ನೋಟ ಅದೇ ಇರುತ್ತದೆ.

ಯಾವ ವಿನ್ಯಾಸವಾದರೂ ಗೆರೆಗಳ ದಟ್ಟಣೆ ಇಡೀ ಕೌದಿಯಲ್ಲಿ ಹೆಚ್ಚು ಕಡಿಮೆ ಸಮನಾಗಿರಲಿ. ದಟ್ಟವಾಗಿ ಹೊಲಿದ ಕಡೆ ಬಟ್ಟೆ ಕುಗ್ಗುತ್ತದೆ. ನಡುವೆ ದಟ್ಟವಾಗಿದ್ದು ಅಂಚು ವಿರಳವಾಗಿದ್ದರೆ ಅಂಚು ಅಲೆಯಲೆಯಾಗಿ ನಿಲ್ಲುತ್ತದೆ.

ಗುರುತು ಹಾಕಲು ಗಾಢ ಬಣ್ಣದ ಬಟ್ಟೆಗೆ ಸವೆದ ಸಾಬೂನಿನ ತೆಳು ತುಂಡು, ನೇರ ಗೆರೆಗೆ ಮಾಸ್ಕಿಂಗ್ ಟೇಪು ಸಾಕು. ಇಸ್ತ್ರಿಯ ಬಿಸಿಗೆ ಮಾಯವಾಗುವ ಪೆನ್ನಿನ ಗುರುತು ಚಳಿಯಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು, ನೀರಿಗೆ ಹೋಗುವ ನೀಲಿ ಶಾಯಿ ಇಸ್ತ್ರಿ ತಗಲಿದರೆ ಶಾಶ್ವತವಾಗಿ ಉಳಿದುಬಿಡಬಹುದು.

ದಾರದ ದಪ್ಪ, ಬಣ್ಣ, ಪ್ರಮಾಣ

ರೀಲಿನ ಮೇಲಿನ 40, 50 ಎಂಬ ಸಂಖ್ಯೆಗಳು ದಾರದ ದಪ್ಪವನ್ನು ಸೂಚಿಸುತ್ತವೆ, ಸಂಖ್ಯೆ ದೊಡ್ಡದಾದಷ್ಟು ದಾರ ತೆಳು. ಯಂತ್ರದಲ್ಲಿ ಒತ್ತಾದ ವಿನ್ಯಾಸ ಹೊಲಿಯಲು 50ರ ಹತ್ತಿ ದಾರ, ಗೆರೆ ಎದ್ದು ಕಾಣಬೇಕಾದಲ್ಲಿ 40ರ ದಾರ ಹೊಂದುತ್ತದೆ. ಕೈಯಲ್ಲಿ ದೊಡ್ಡ ಟಾಕಿ ಹಾಕುವವರು 8 ಅಥವಾ 12ನೇ ಸಂಖ್ಯೆಯ ಪರ್ಲ್ ಕಾಟನ್ (ಹುರಿಮಾಡಿದ, ಹೊಳಪಿನ ಹತ್ತಿ ದಾರ) ಅನ್ನೋ, ಆರು ಎಳೆಗಳ ಕಸೂತಿ ದಾರವನ್ನು ಬಿಡಿಸಿ ಮೂರು ಎಳೆಯಾಗಿಯೋ ಬಳಸಬಹುದು. ಕೈಹೊಲಿಗೆಗೆಂದೇ ಮೇಣ ಲೇಪಿಸಿ ಮಾರುವ ದಾರವನ್ನು ಯಂತ್ರಕ್ಕೆ ಹಾಕಬಾರದು. ಲೇಪ ಯಂತ್ರದೊಳಗೆ ಅಂಟಿಕೊಳ್ಳುತ್ತದೆ. ದಿನಬಳಕೆಯ ಕೌದಿಗೆ ಜರಿ ದಾರ ಬೇಡವೇ ಬೇಡ. ಸವೆದ ಸೀರೆಗಳ ಕೌದಿಗೆ ನೈಲಾನ್ ದಾರವೂ ಸಲ್ಲದು, ಅದು ಮೆತ್ತನೆಯ ಹತ್ತಿಯನ್ನು ಕ್ರಮೇಣ ಕತ್ತರಿಸುತ್ತದೆ.

ಬಣ್ಣವನ್ನು ರೀಲು ನೋಡಿ ಆರಿಸಬಾರದು. ಸುತ್ತಿಟ್ಟ ದಾರ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಒಂದು ಮಾರು ದಾರ ಬಿಚ್ಚಿ, ಮೇಲ್ಪದರದ ಎಲ್ಲ ಬಣ್ಣಗಳ ಮೇಲೂ ಹಾಯುವಂತೆ ಸಡಿಲವಾಗಿ ಹರಡಿ, ಹಗಲು ಬೆಳಕಿನಲ್ಲಿ ನೋಡಬೇಕು. ನಮ್ಮ ಉದಾಹರಣೆಯಂಥ ಬಹುವರ್ಣದ ಕೌದಿಗೆ ಮಧ್ಯಮ ಬೂದು ಅಥವಾ ಗೋದಿ ಬಣ್ಣ ಎಲ್ಲದರ ಜೊತೆಗೂ ಬೆರೆಯುತ್ತದೆ. ಕೆಂಪು, ಕಡುನೀಲಿ ದಾರಗಳನ್ನು ಬಳಸುವುದಾದರೆ ಒಂದು ತುಂಡನ್ನು ನೆನೆಸಿ ಬಿಳಿ ಬಟ್ಟೆಯ ಮಡಿಕೆಯಲ್ಲಿ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸುವುದು ಕಡ್ಡಾಯ. ಇದೇ ಪರೀಕ್ಷೆ ಖಣದ ತುಂಡಿಗೂ ಆಗಲಿ.

ಆಮೇಲೆ ಅದೇ ಬಟ್ಟೆ, ಅದೇ ಹಾಸು, ಅದೇ ದಾರ ಬಳಸಿ ಒಂದು ಅಡಿ ಚೌಕದ ಮಾದರಿಯನ್ನು ಹೊಲಿದು, ಒಗೆದು, ಒಣಗಿಸಿ ನೋಡಬೇಕು. ಮಾದರಿಯನ್ನು ಕೈಯಲ್ಲಿ ಮಡಿಸಿದಾಗ ಅದು ಮಣಿಯದಿದ್ದರೆ ದಾರವನ್ನು ತೆಳುವಾಗಿಸಿ ಇಲ್ಲವೇ ಗೆರೆಗಳನ್ನು ದೂರವಾಗಿಸಿ.

ಕೊನೆಗೆ ಪ್ರಮಾಣ. ಲೆಕ್ಕಕ್ಕೆ ಸುಲಭವಾಗಲೆಂದು ಎರಡು ಅಂಗುಲಕ್ಕೊಂದರಂತೆ ಅಡ್ಡ ಉದ್ದ ಗೆರೆಗಳನ್ನು ತೆಗೆದುಕೊಂಡರೆ, ಉದ್ದಕ್ಕೆ 29 ಗೆರೆ, ಅಡ್ಡಕ್ಕೆ 39 ಗೆರೆ ಸೇರಿ ಸುಮಾರು 118 ಮೀಟರ್ ಆಗುತ್ತದೆ. ಓರೆ ಗೆರೆಗಳಿಗೂ ಹೆಚ್ಚು ಕಡಿಮೆ ಇಷ್ಟೇ. ಟಾಕಿಯ ಏರಿಳಿತಕ್ಕೆ, ಗಂಟಿಗೆ, ಸೂಜಿಯಲ್ಲಿ ಉಳಿಯುವ ತುದಿಗೆ ಕಾಲುಭಾಗ ಸೇರಿಸಿದರೆ 150 ಮೀಟರ್ ಬೇಕು. ಎಂಟು ಮೀಟರಿನ ಕಸೂತಿ ದಾರದ ಒಂದು ಲಡಿ ಮೂರು ಎಳೆಯಾಗಿ ಬಿಡಿಸಿದಾಗ ಹದಿನಾರು ಮೀಟರ್ ಆಗುವುದರಿಂದ ಹತ್ತು ಲಡಿ ಸಾಕಾಗುತ್ತದೆ. ಆದರೂ ಹನ್ನೆರಡನ್ನು ಒಂದೇ ಸಲ, ಒಂದೇ ಡೈ ಲಾಟ್ ಸಂಖ್ಯೆ ನೋಡಿ ಕೊಳ್ಳಬೇಕು, ಏಕೆಂದರೆ ಬಣ್ಣದ ಸಂಖ್ಯೆ ಒಂದೇ ಆಗಿದ್ದರೂ ಬೇರೆ ಬಾರಿ ಬಣ್ಣಕಟ್ಟಿದ ದಾರದ ಛಾಯೆ ತುಸು ಬೇರೆಯಾಗಿರಬಹುದು.